ಯಮನ ಚೀಟಿಗೆ ಹಚ್ಚಿದ ಗಂಜಿ

“ಅಜ್ಜಯ್ಯಾ, ಸಾವಿನ ಕಾರ್ಡಿಗೆ ಸರಿಯಾದ ಅರ್ಥ ಯಾವುದು?”

ಕೇಳಿದವನು ಕೊಟ್ರಯ್ಯ. ಅವನು ಅಜ್ಜಯ್ಯನವರ ಶಿಷ್ಯನಾಗಿ ಮಠಕ್ಕೆ ಬಂದು ಮೂರು ವರ್ಷವಾಗಿತ್ತು. ಭಕ್ತರೊಬ್ಬರು ಪಟ್ಟಣದಿಂದ ತಂದುಕೊಟ್ಟ ಭವಿಷ್ಯ ನೋಡುವ ಟ್ಯಾರೋ ಕಾರ್ಡಿನ ಕಟ್ಟೊಂದು ಅವನ ಹತ್ತಿರ ಇತ್ತು. ಜೊತೆಗೆ ಎರಡು ಪುಸ್ತಕ. ಅಜ್ಜಯ್ಯನವರ ದರ್ಶನಕ್ಕೆ ಬಂದ ಜನ ಜಗಲಿಯ ಮೇಲೆ ಕಾಯುತ್ತ ಕೂತಿರುವಾಗ ಅವರಿಂದ ಒಂದು ಕಾರ್ಡು ತೆಗೆಸಿ ಅದರ ಅರ್ಥ ಹೇಳುವುದು ಅವನಿಗೆ ಅಭ್ಯಾಸವಾಗಿತ್ತು. ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಜನಕ್ಕೆ ಒಳ್ಳೆಯದಾಗಲಿ ಎಂದೇ ಮಾಡುತ್ತಿದ್ದ.

ಅಜ್ಜಯ್ಯನವರು ಮೊರದಲ್ಲಿ ಕಡಲೆಕಾಯಿ ಹಾಕಿಕೊಂಡು ಬಿಡಿಸುತ್ತಿದ್ದರು. “ಇವತ್ತು ಯಾಕೆ ಬಂತಪ್ಪಾ ಈ ಪ್ರಶ್ನೆ?” ಎಂದರು.

“ಬೆಳಿಗ್ಗೆ ಒಬ್ಬ ಹೆಣ್ಣುಮಗಳು ಬಂದಿದ್ದಳು. ಮಗಳದು ಚೊಚ್ಚಲ ಹೆರಿಗೆಯಂತೆ. ಗಂಡನ ಮನೆಯಿಂದ ತವರಿಗೆ ಕರೆತರಲು ಹೊರಟಿದ್ದಳು. ಹೋಗಲೋ ಬೇಡವೋ ಎಂದು ಕೇಳಿದಳು. ಈ ಕಾರ್ಡು ಬಂತು. ನಾನು ಎಲ್ಲ ಬಿಡಿಸಿ ಹೇಳಿದೆ. ಇದು ಸಾವಲ್ಲ, ಬದಲಾವಣೆ ಎಂದೆ. ಕೆಳಗೆ ಬಿದ್ದಿರುವ ರಾಜನೆಂದರೆ ಅಹಂಕಾರ ಎಂದೆ. ಹೂವು ಹಿಡಿದ ಮಗುವೆಂದರೆ ನಿಷ್ಕಪಟ ಮನಸ್ಸು. ಹಿಂದೆ ಕಾಣುವ ಸೂರ್ಯನೆಂದರೆ ಹೊಸ ಹುಟ್ಟು. ಆಕೆ ಪೂರ್ತಿ ಕೇಳಲೇ ಇಲ್ಲ. ನಿಮ್ಮ ದರ್ಶನಕ್ಕೂ ನಿಲ್ಲದೆ, ಊಟಕ್ಕೂ ಕೂರದೆ ಎದ್ದು ಹೋದಳು. ಆಮೇಲೆ ಇನ್ನೊಂದು ಪುಸ್ತಕ ತೆಗೆದು ನೋಡಿದೆ. ಅದರಲ್ಲಿ ಅರ್ಥ ಸ್ವಲ್ಪ ಬೇರೆ ಇದೆ. ಯಾವುದು ಸರಿ ಅಜ್ಜಯ್ಯಾ?”

ಅಜ್ಜಯ್ಯನವರು ಕೈಚಾಚಿ ಕಾರ್ಡು ತೆಗೆದುಕೊಂಡರು. ಬಿಳಿ ಕುದುರೆಯ ಮೇಲೆ ಕಪ್ಪು ಕವಚ ತೊಟ್ಟ ಅಸ್ಥಿಪಂಜರ ಬಾವುಟ ಹಿಡಿದು ಕೂತಿತ್ತು. ಬೆಳಕಿಗೆ ಹಿಡಿದು ನೋಡಿದರು.

“ಕುದುರೆ ಚೆನ್ನಾಗಿ ಮೇಯ್ದಿದೆ. ಸವಾರನಿಗೇ ಪಾಪ, ಊಟವಿಲ್ಲ” ಎಂದರು.

ಕೊಟ್ರಯ್ಯ ನಗಲಿಲ್ಲ. ಅಜ್ಜಯ್ಯನವರು ಕಾರ್ಡನ್ನು ಅವನ ಕೈಗೆ ಕೊಟ್ಟು, ಮೊರವನ್ನು ಇಬ್ಬರ ನಡುವೆ ಸರಿಸಿದರು. “ನೀನೂ ಬಿಡಿಸು. ಕೈ ಸುಮ್ಮನಿದ್ದರೆ ಕಿವಿ ಕೇಳುವುದಿಲ್ಲ” ಎಂದು ಹೇಳಿ ಕತೆ ಶುರುಮಾಡಿದರು.

ಒಂದು ಊರಿನ ಸಂತೆಯಲ್ಲಿ ಒಬ್ಬ ಗಿಳಿಶಾಸ್ತ್ರದವನಿದ್ದ. ಒಂದು ಚಾಪೆ, ಒಂದು ಪಂಜರ, ಒಂದು ಹೆಣ್ಣುಗಿಳಿ, ಇಪ್ಪತ್ತೇಳು ಚೀಟಿ, ಇಷ್ಟೇ ಅವನ ಸಂಸಾರ. ಮನೆಯಲ್ಲಿ ಹೆಂಡತಿ ಇದ್ದಳು, ಅವಳನ್ನೂ ಸೇರಿಸಿಕೋ. ಚೀಟಿ ಎಂದರೆ ನಿನ್ನ ಕಾರ್ಡಿನ ಹಾಗೆಯೇ. ದಪ್ಪ ಕಾಗದ, ನಡುವೆ ಮಡಿಕೆ, ಒಳಗೆ ದೇವರ ಚಿತ್ರ. ಯಾರಾದರೂ ಬಂದು ಎದುರಿಗೆ ಕೂತರೆ ಅವನು ಮೊದಲು ಹೆಸರು ಕೇಳುತ್ತಿದ್ದ, ಊರು ಕೇಳುತ್ತಿದ್ದ, ಓಣಿ ಕೇಳುತ್ತಿದ್ದ. ಆಮೇಲೆ ಪಂಜರದ ಬಾಗಿಲು ಎತ್ತಿ, “ಬಾರಮ್ಮಾ, ಇಂಥ ಓಣಿಯ ಇಂಥವರ ಹೆಸರಿಗೆ ಒಂದು ಚೀಟಿ ತೆಗಿಯಮ್ಮಾ” ಎಂದು ಕರೆಯುತ್ತಿದ್ದ. ಗಿಳಿ ಗತ್ತಿನಿಂದ ಹೊರಗೆ ಬಂದು ಒಂದೊಂದೇ ಚೀಟಿ ಎಳೆದು ಪಕ್ಕಕ್ಕೆ ಹಾಕುತ್ತ ಹೋಗುತ್ತಿತ್ತು. ಯಾವುದನ್ನು ಕೊಕ್ಕಿನಿಂದ ಬಿಡದೆ ಹಿಡಿಯಿತೋ ಅದು ಕೇಳಿದವರ ಚೀಟಿ. ಒಂದು ಕಾಳು ಭತ್ತ ತಿಂದು ಅದು ಮತ್ತೆ ಒಳಗೆ ಹೋಗುತ್ತಿತ್ತು.

ಆ ಇಪ್ಪತ್ತೇಳರಲ್ಲಿ ಒಂದು ಯಮನ ಚೀಟಿ. ಕೋಣದ ಮೇಲೆ ಕೂತು ಪಾಶ ಹಿಡಿದವನು. ಆ ಕಸುಬಿನ ಬೇರೆಯವರು ಅದನ್ನು ಎಂದೋ ತೆಗೆದು ಬಿಸಾಕಿ ಅಲ್ಲಿ ಇನ್ನೊಂದು ಲಕ್ಷ್ಮಿಯನ್ನು ಸೇರಿಸಿಕೊಂಡಿದ್ದರು. ಯಾರಿಗೆ ಬೇಕು ಯಮ, ಹೇಳು? ಇವನು ಮಾತ್ರ ಇಟ್ಟುಕೊಂಡಿದ್ದ. ತೆಗೆದರೆ ಜನಕ್ಕೆ ಮೋಸ ಮಾಡಿದಂತೆ ಎಂದು ಅವನ ನಂಬಿಕೆ. ಪ್ರಾಮಾಣಿಕ ಮನುಷ್ಯ. ಪ್ರಾಮಾಣಿಕರಿಂದ ಆಗುವ ಅನಾಹುತವೇನೂ ಕಮ್ಮಿಯಲ್ಲ ಬಿಡು.

ಒಂದು ಸಂತೆಯ ದಿನ ಬೆಳಿಗ್ಗೆ ನೋಡುತ್ತಾನೆ, ಯಮನ ಚೀಟಿ ಮಡಿಕೆಯಲ್ಲಿ ಹರಿದಿದೆ. ಚೀಟಿ ಹರಿದಾಗಲೆಲ್ಲ ಅವನು ಬೇವಿನ ಮರದ ಅಂಟು ಹಚ್ಚಿ ಹಿಂದೆ ಒಂದು ಕಾಗದದ ಪಟ್ಟಿ ಮೆತ್ತುತ್ತಿದ್ದ. ಆವತ್ತು ಅಂಟು ಮುಗಿದಿತ್ತು. ಹೆಂಡತಿ ಆಗ ತಾನೇ ಅನ್ನ ಬಸಿದಿದ್ದಳು. “ಇದನ್ನೇ ಹಚ್ಚು, ಗಟ್ಟಿಯಾಗಿದೆ” ಎಂದು ಗಂಜಿ ಕೊಟ್ಟಳು. ಹಚ್ಚಿದ, ಬಿಸಿಲಿಗೆ ಒಣಗಿಸಿದ, ಕಟ್ಟಿಗೆ ಸೇರಿಸಿಕೊಂಡು ಸಂತೆಗೆ ಹೋದ.

ಮೊದಲು ಬಂದವಳು ಕಂಬಳಿ ನೇಯುವ ಹೆಂಗಸು. ಅವಳ ಗಂಡನಿಗೆ ಗಂಟಲಲ್ಲಿ ಗೆಡ್ಡೆ. ಎರಡು ತಿಂಗಳಿಂದ ಅಂಬಲಿ ಬಿಟ್ಟರೆ ಬೇರೇನೂ ಇಳಿಯುತ್ತಿರಲಿಲ್ಲ. ಮರುದಿನ ಜಿಲ್ಲಾ ಆಸ್ಪತ್ರೆಯಲ್ಲಿ ಕೊಯ್ದು ತೆಗೆಯುತ್ತೇವೆ, ಇವತ್ತು ಸಂಜೆಯೊಳಗೆ ಬಂದು ಸೇರಿಕೊಳ್ಳಿ, ತಡಮಾಡಿದರೆ ಉಸಿರು ಕಟ್ಟುತ್ತದೆ ಎಂದು ಡಾಕ್ಟರು ಹೇಳಿದ್ದರು. ಹೋಗಲು ಇದ್ದದ್ದು ನಾಲ್ಕು ಗಂಟೆಯ ಬಸ್ಸು ಒಂದೇ. ಅವಳು ಕೇಳಿದ್ದು ಒಂದೇ ಮಾತು: “ಕರಕೊಂಡು ಹೋಗ್ಲಾ, ಬೇಡ್ವಾ ಅಣ್ಣಾ?”

ಗಿಳಿ ಬಂತು. ನಾಲ್ಕು ಚೀಟಿ ಎಳೆದು ಹಾಕಿತು. ಐದನೆಯದನ್ನು ಗಟ್ಟಿಯಾಗಿ ಕಚ್ಚಿಕೊಂಡಿತು. ಬಿಚ್ಚಿದರೆ ಯಮ.

ಆ ಚೀಟಿಗೆ ಅವನು ಕಲಿತ ಪಾಠ ಹೀಗಿತ್ತು: ಪ್ರಯಾಣ ಬೇಡ, ಮೈಗೆ ಕಬ್ಬಿಣ ತಾಗಿಸಬೇಡ, ಒಂದು ಅಮಾವಾಸ್ಯೆ ಕಳೆಯಲಿ. ಬಾಯಿಪಾಠ ಬಂದಿತ್ತಲ್ಲ, ಹೇಳಿದ. ನೀನು ಹೇಳಿದೆಯಲ್ಲ ರಾಜ, ಸೂರ್ಯ ಅಂತ, ಹಾಗೆ. ಹೇಳುವಾಗ ಅವನ ಕಣ್ಣು ಚೀಟಿಯ ಮೇಲಿತ್ತು. ತಲೆಯೆತ್ತುವಷ್ಟರಲ್ಲಿ ಅವಳು ಎದ್ದು ಹೋಗಿದ್ದಳು.

“ನಾನು ಕಬ್ಬಿಣ ಗಿಬ್ಬಿಣ ಹೇಳಲಿಲ್ಲ ಅಜ್ಜಯ್ಯಾ. ಒಳ್ಳೆಯ ಅರ್ಥವನ್ನೇ ಹೇಳಿದೆ” ಎಂದ ಕೊಟ್ರಯ್ಯ.

“ಹೇಳಿದೆಯಪ್ಪಾ. ಕಾಯಿ ಬಿಡಿಸು.”

ಆಮೇಲೆ ಒಬ್ಬ ಎತ್ತಿನ ವ್ಯಾಪಾರಿ ಬಂದ. ಒಂದು ಜೊತೆ ಎತ್ತು ಕೊಳ್ಳಲೋ ಬೇಡವೋ ಎಂದ. ಗಿಳಿ ಬಂದು ನೇರವಾಗಿ ಯಮನನ್ನು ಹಿಡಿಯಿತು. ವ್ಯಾಪಾರಿ ಎತ್ತುಗಳ ಕಡೆ ಒಂದು ಸಲ ನೋಡಿ ಹೊರಟುಹೋದ. ಅವನ ಹಿಂದೆ ಮಗನಿಗೆ ಹೆಣ್ಣು ಗೊತ್ತುಮಾಡಿದ ಒಬ್ಬ ತಂದೆ ಬಂದ. ಮತ್ತೆ ಯಮ. ಅವನಿಗೆ ಸಿಟ್ಟೇ ಬಂತು. “ಲಗ್ನಕ್ಕೆ ಬಾ ಅಂತ ಕರೆಯೋಕೆ ಇವನೇ ಬೇಕಿತ್ತೇನಯ್ಯಾ ನಿನ್ನ ಗಿಳಿಗೆ?” ಎಂದು ಬೈದುಬಿಟ್ಟ.

ಗಿಳಿಶಾಸ್ತ್ರದವನು ಹೆದರಿದ. ಊರಿಗೆ ಮಾರಿ ಬಂತೋ ಏನೋ ಎಂದುಕೊಂಡ. ಊರಗೌಡನಿಗೆ ಹೋಗಿ ಹೇಳಿ ಶಾಂತಿ ಮಾಡಿಸಬೇಕು ಎಂದು ಎದ್ದೂ ನಿಂತ. ಪಂಜರಕ್ಕೆ ಕೈಹಾಕಿದರೆ, ಗಿಳಿ ಭತ್ತದ ಕಾಳು ಮುಟ್ಟದೆ ಯಮನ ಬೆನ್ನನ್ನು ಕೆರೆದು ಕೆರೆದು ತಿನ್ನುತ್ತಿದೆ. ಚೀಟಿ ಕಿತ್ತುಕೊಂಡು ನೋಡಿದ. ಪಟ್ಟಿಯ ಅಂಚಿನಲ್ಲಿ ಒಂದು ಒಣಗಿದ ಅನ್ನದ ಅಗುಳು. ಮೂಸಿದ. ಗಂಜಿ.

ಅಯ್ಯೋ ನಿನ್ನ, ಎಂದು ನಗಲು ಶುರುಮಾಡಿದ. ಸಂತೆಯ ನಡುವೆ ಒಬ್ಬನೇ ಹೊಟ್ಟೆ ಹಿಡಿದುಕೊಂಡು ನಕ್ಕ. ಪಕ್ಕದ ಮೆಣಸಿನಕಾಯಿಯವಳು ಇವನಿಗೇನೋ ಹಿಡಿದಿದೆ ಎಂದು ಬುಟ್ಟಿ ದೂರ ಎಳೆದುಕೊಂಡಳು. ನಗುತ್ತ ನಗುತ್ತ ಅವನಿಗೆ ಕಂಬಳಿ ನೇಯುವವಳ ನೆನಪಾಯಿತು. ನಗು ಅಲ್ಲಿಗೇ ನಿಂತಿತು. ಬಿಸಿಲು ನೋಡಿದ. ಎರಡು ಗಂಟೆ ದಾಟಿತ್ತು.

ಕೊಟ್ರಯ್ಯಾ, ಅವನು ಸುಮ್ಮನಿರಬಹುದಿತ್ತು. ಹೇಳಿದರೆ ಕಸುಬು ಹೋಗುತ್ತದೆ ಎಂದು ತಿಳಿಯದಷ್ಟು ಪೆದ್ದನಲ್ಲ. ಗಿಳಿ ದೇವರ ಮಾತು ಕೇಳುವುದಿಲ್ಲ, ಗಂಜಿಯ ವಾಸನೆ ಕೇಳುತ್ತದೆ ಎಂದು ಗೊತ್ತಾದ ಮೇಲೆ ಯಾರು ಬಂದು ಕೂರುತ್ತಾರೆ? ಆದರೂ ಚಾಪೆ ಸುತ್ತಿದ. ಪಂಜರ ಹಿಡಿದುಕೊಂಡು ಅವಳ ಓಣಿಗೆ ನಡೆದ. ನಡೆದ ಎಂದೆ, ಓಡಿದ.

ಅವಳು ಮನೆಯ ಮುಂದೆ ನೇಯ್ಗೆಯ ನೂಲನ್ನು ಉದ್ದಕ್ಕೆ ಹಾಸು ಕಟ್ಟಿ, ಹುಣಸೆಬೀಜದ ಗಂಜಿಯನ್ನು ಅದಕ್ಕೆ ಹಚ್ಚುತ್ತ ನಿಂತಿದ್ದಳು. ಗಂಟು ಕಟ್ಟಿದ್ದ ಬಟ್ಟೆಯನ್ನು ಬಿಚ್ಚಿ ಮತ್ತೆ ಗಳುವಿನ ಮೇಲೆ ಹರವಿದ್ದಳು. ಆಸ್ಪತ್ರೆಗೆ ಹೋಗುವುದಿಲ್ಲ ಎಂದು ಆಗಲೇ ತೀರ್ಮಾನವಾಗಿತ್ತು. ಒಳಗೆ ಗಂಡ ಉಸಿರೆಳೆಯುವ ಸದ್ದು ಬೀದಿಗೆ ಕೇಳುತ್ತಿತ್ತು.

“ಅವ್ವಾ, ತಪ್ಪಾಯ್ತು” ಎಂದ ಗಿಳಿಶಾಸ್ತ್ರದವನು, ಏದುಸಿರು ಬಿಡುತ್ತ. “ಆ ಚೀಟಿ ನಿನ್ನ ಗಂಡಂದಲ್ಲ. ಬೆಳಿಗ್ಗೆ ಅದು ಹರಿದಿತ್ತು, ಮನೇಲಿ ಅಂಟು ಮುಗಿದಿತ್ತು ಅಂತ ಅನ್ನದ ಗಂಜಿ ಹಚ್ಚಿದ್ದೆ. ಗಿಳಿ ತಿನ್ನೋ ಆಸೆಗೆ ಅದನ್ನೇ ಹಿಡೀತು. ಆಮೇಲೆ ಬಂದ ಇಬ್ಬರಿಗೂ ಅದೇ ಬಂತು. ಬಟ್ಟೆ ಕಟ್ಟು, ಆಸ್ಪತ್ರೆಗೆ ಹೊರಡು.”

ಅವನು ಮೆಲ್ಲಗೆ ಹೇಳಿರಲಿಲ್ಲ. ಓಣಿಯವರೆಲ್ಲ ಬಾಗಿಲಿಗೆ ಬಂದು ನಿಂತರು.

“ನನ್ನ ಸಮಾಧಾನಕ್ಕೆ ಹೇಳ್ತೀಯಣ್ಣಾ” ಎಂದಳು ಅವಳು.

ಅವನು ಚೀಟಿ ತೆಗೆದು ಕೊಟ್ಟ. ಅವಳು ಪಟ್ಟಿಯ ಮೇಲೆ ಹೆಬ್ಬೆರಳು ಆಡಿಸಿದಳು. ಜೀವಮಾನವೆಲ್ಲ ನೂಲಿಗೆ ಗಂಜಿ ಹಚ್ಚಿದ ಬೆರಳು, ಅದಕ್ಕೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

“ಹೌದು, ಗಂಜಿ” ಎಂದಳು. ಅವನಿಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಅವಳು ಕೇಳಿದಳು: “ಇಷ್ಟು ವರ್ಷ ಹರೀದೇ ಇದ್ದ ಚೀಟಿ ಇವತ್ತೇ ಯಾಕೆ ಹರೀತು? ನಿನ್ನ ಮನೇಲಿ ಅಂಟು ಇವತ್ತೇ ಯಾಕೆ ಮುಗೀತು? ನಾನು ಬರೋ ದಿನಾನೇ ಯಮನಿಗೆ ಗಂಜಿ ಹಚ್ಚಿಸಿದೋನು ಯಾರಣ್ಣಾ?”

ಅಜ್ಜಯ್ಯನವರು ಕತೆ ನಿಲ್ಲಿಸಿ ಶಿಷ್ಯನ ಮುಖ ನೋಡಿದರು. “ಏನು ಹೇಳುತ್ತೀಯ? ಎರಡು ಪುಸ್ತಕ ಇಟ್ಟುಕೊಂಡಿದ್ದೀಯಲ್ಲ.”

ಕೊಟ್ರಯ್ಯ ಕೈಯಲ್ಲಿದ್ದ ಕಾಯಿಯನ್ನು ಮೊರಕ್ಕೆ ಹಾಕಿದ. “ಗೊತ್ತಾಗುತ್ತಿಲ್ಲ ಅಜ್ಜಯ್ಯಾ” ಎಂದ.

“ಅವನಿಗೂ ಗೊತ್ತಾಗಲಿಲ್ಲ. ನನಗೂ ಗೊತ್ತಿಲ್ಲ.”

ಗಿಳಿಶಾಸ್ತ್ರದವನು ಅವಳ ಕೈಯಿಂದ ಚೀಟಿ ವಾಪಸು ತೆಗೆದುಕೊಂಡ. ಆಮೇಲೆ ಪಂಜರದ ಬಾಗಿಲಿಗೆ ಕೈಹಾಕಿ, “ಇನ್ನೊಂದು ಸಲ ತೆಗೆಸ್ತೀನಿ, ತಡಿ. ಗಂಜಿ ಇಲ್ಲದ ಚೀಟಿ ಮಾತ್ರ ಹಾಕ್ತೀನಿ” ಎಂದ. ಅವಳು ಅವನ ಕೈ ಹಿಡಿದುಕೊಂಡಳು. ಗಂಜಿ ಮೆತ್ತಿದ ಕೈ. “ಬ್ಯಾಡಣ್ಣಾ, ನಿನ್ನ ಕಾಲಿಗೆ ಬೀಳ್ತೀನಿ. ಇನ್ನೊಂದು ಚೀಟಿ ನೋಡೋ ಶಕ್ತಿ ನನಗಿಲ್ಲ” ಎಂದು ಅಳತೊಡಗಿದಳು.

ಅವನು ಪಂಜರ ಕೆಳಗಿಟ್ಟ. ಆ ಕಸುಬಿಗೆ ಕೂತ ಮೇಲೆ ಮೊದಲ ಸಲ ಚೀಟಿ ನೋಡದೆ ಎದುರಿಗಿದ್ದವರ ಮುಖ ನೋಡಿದ. “ನಿನಗೆ ಯಾವುದರ ಭಯ ಅವ್ವಾ? ಅದನ್ನ ಹೇಳು” ಎಂದ.

ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು. “ಆಸ್ಪತ್ರೇಲಿ ಒಂದು ಕಾಗದ ಕೊಡ್ತಾರಂತೆ. ಕೊಯ್ಯುವಾಗ ಏನಾದ್ರೂ ಆದ್ರೆ ನಮ್ಮ ಜವಾಬ್ದಾರಿ ಇಲ್ಲ ಅಂತ. ಅದಕ್ಕೆ ಹೆಬ್ಬೆಟ್ಟು ಒತ್ತೋಳು ನಾನೊಬ್ಬಳೇ. ಮನೇಲೇ ಜೀವ ಹೋದ್ರೆ ದೇವರು ಕರಕೊಂಡ ಅಂತೀನಿ. ಅಲ್ಲಿ ಹೋದ್ರೆ ನಾನೇ ಕೈಯಾರೆ ಒಯ್ದು ಕೊಟ್ಟ ಹಾಗಲ್ವಾ? ಯಮನ ಚೀಟಿ ನೋಡಿದ ಮೇಲೂ ಒಯ್ದಳು ಅಂತ ಜನ ಅಂತಾರೆ. ಜನ ಅನ್ನೋದಿರಲಿ, ನಾನು ಅಂದ್ಕೊಳ್ಳೋದಿಲ್ವಾ?”

ನೋಡಿದೆಯಾ ಕೊಟ್ರಯ್ಯಾ? ಅವಳ ಭಯ ಯಮನದಲ್ಲ. ಆ ಕಾಗದದ ಮುಂದೆ ಒಬ್ಬಳೇ ನಿಲ್ಲಬೇಕಲ್ಲ, ಅದರದು. ಪಾಪ, ಬಾಗಿಲಲ್ಲಿ ನಿಂತಿದ್ದ ಓಣಿಯವರಲ್ಲಿ ಒಬ್ಬರಿಗೂ ಅದು ಹೊಳೆದಿರಲಿಲ್ಲ.

“ಹಾಗಾದ್ರೆ ನಾನೂ ಬರ್ತೀನಿ” ಎಂದ ಗಿಳಿಶಾಸ್ತ್ರದವನು. “ಆ ಕಾಗದಕ್ಕೆ ನನ್ನ ಹೆಬ್ಬೆಟ್ಟೂ ಒತ್ತೋಣ. ಬದುಕಿದ್ರೆ ನಿನ್ನ ಪುಣ್ಯ. ಹೋದ್ರೆ ಇಬ್ಬರ ಕೈಯಿಂದ ಹೋದ ಹಾಗೆ ಆಗ್ಲಿ. ರಾತ್ರಿ ನಿದ್ದೆ ಬರದಿದ್ರೆ ಅರ್ಧ ನನ್ನನ್ನ ಬೈಯಿ.”

ಅವಳು ಗಳುವಿನ ಮೇಲಿದ್ದ ಬಟ್ಟೆಯನ್ನು ಎಳೆದು ಮತ್ತೆ ಗಂಟು ಕಟ್ಟಿದಳು.

ಗಂಡನನ್ನು ಇಬ್ಬರೂ ಎರಡು ಕಡೆ ಹಿಡಿದು ಬಸ್ಸು ಹತ್ತಿಸಿದರು. ಪಂಜರವನ್ನು ಬಿಟ್ಟು ಬರಲು ಜಾಗವಿಲ್ಲದೆ ಅದನ್ನೂ ತಂದಿದ್ದ. ಕಂಡಕ್ಟರು ಬಂದು, ಗಿಳಿಗೂ ಟಿಕೆಟ್ ತಗೋಬೇಕು ಎಂದ. ಇವನು, ಇದು ತೊಡೆಮೇಲೆ ಕೂರೋ ಕೂಸು, ಇದಕ್ಕೆಂಥ ಟಿಕೆಟ್ಟು ಎಂದು ಜಗಳಕ್ಕೆ ನಿಂತ. ಎರಡು ತಿಂಗಳಿಂದ ನಗದಿದ್ದ ಗಂಡ ನಕ್ಕ. ನಕ್ಕಿದ್ದಕ್ಕೆ ಕೆಮ್ಮು ಬಂತು, ಕೆಮ್ಮಿದ್ದಕ್ಕೆ ಹೆಂಡತಿ ಬೈದಳು.

ಆಸ್ಪತ್ರೆಯ ಗುಮಾಸ್ತ ಕಾಗದ ಮುಂದಿಟ್ಟ. ಅವಳು ಹೆಬ್ಬೆಟ್ಟು ಒತ್ತಿದಳು. ಇವನೂ ಬೆರಳು ಚಾಚಿದ. “ನೀನು ರೋಗಿಗೆ ಏನಾಗಬೇಕು?” ಎಂದ ಗುಮಾಸ್ತ. “ಏನೂ ಆಗಬೇಕಾಗಿಲ್ಲ. ಗಿಳಿಶಾಸ್ತ್ರದವನು” ಎಂದ ಇವನು. ಗುಮಾಸ್ತ ಪಂಜರ ನೋಡಿದ, ಇವನ ಮುಖ ನೋಡಿದ. ಆಮೇಲೆ ಕಾಗದದ ಕೆಳಗೆ ಸಾಕ್ಷಿಗೆಂದು ಬಿಟ್ಟಿದ್ದ ಜಾಗ ತೋರಿಸಿದ. ಮರುದಿನ ಗಂಡನನ್ನು ಒಳಗೆ ಕರೆದುಕೊಂಡು ಹೋಗಿ ಹೊರಗೆ ತರುವ ತನಕ ಇಬ್ಬರೂ ಬೆಂಚಿನ ಮೇಲೆ ಕೂತಿದ್ದರು. ಅವನು ಅವಳಿಗೆ ಒಳ್ಳೆಯದಾಗುತ್ತದೆ ಎಂದು ಹೇಳಲಿಲ್ಲ, ಕೆಟ್ಟದಾಗುತ್ತದೆ ಎಂದೂ ಹೇಳಲಿಲ್ಲ. ಚಹಾ ತಂದುಕೊಟ್ಟ. ಅವಳು ಕುಡಿದಳು.

ಮುಂದಿನ ಸಂತೆಯ ಹೊತ್ತಿಗೆ ಗಂಜಿಯ ಸುದ್ದಿ ಸುತ್ತಮುತ್ತ ಎಲ್ಲರಿಗೂ ಗೊತ್ತಾಗಿತ್ತು. “ಇವತ್ತು ಯಾವ ದೇವರಿಗೆ ಗಂಜಿ ಹಚ್ಚಿದೀಯಪ್ಪಾ?” ಎಂದು ಹೋಗುವವರು ಬರುವವರು ಕೀಟಲೆ ಮಾಡಿದರು. ಚಾಪೆಯ ಮುಂದೆ ಯಾರೂ ಕೂರಲಿಲ್ಲ. ಇನ್ನೆರಡು ಸಂತೆ ನೋಡಿದ. ಆಮೇಲೆ ಅದೇ ಚಾಪೆಯ ಮೇಲೆ ಬಾಚಣಿಗೆ, ಪಿನ್ನು, ರಿಬ್ಬನ್ನು ಹರವಿಕೊಂಡು ಕೂತ. ಗಿಳಿ ತನ್ನ ಪಾಡಿಗೆ ತಾನು ಪಂಜರದಲ್ಲಿ ಇತ್ತು.

ಅಜ್ಜಯ್ಯನವರು ಕೊನೆಯ ಕಾಯಿ ಬಿಡಿಸಿದರು. ಮೊರದಲ್ಲಿ ಬರೀ ಸಿಪ್ಪೆ ಉಳಿದಿತ್ತು. ಕೊಟ್ರಯ್ಯ ಕತೆ ಇನ್ನೂ ಇದೆ ಎಂದು ಕಾದ. ಆಮೇಲೆ ತಡೆಯಲಾರದೆ ಕೇಳಿದ:

“ಆ ಗಂಡ ಬದುಕಿದನೇ ಅಜ್ಜಯ್ಯಾ?”

“ಬದುಕಿದ. ಗಂಟಲು ಗೊಗ್ಗರಾಯಿತು, ಅಷ್ಟೇ. ಹನ್ನೊಂದು ವರ್ಷ ಚೆನ್ನಾಗಿದ್ದ. ಆಮೇಲೆ ಯಾವುದೋ ಜ್ವರ ಬಂದು ಸತ್ತ. ಬೇಕಾದರೆ ಚೀಟಿ ನಿಜ ಅನ್ನು, ಬೇಕಾದರೆ ಸುಳ್ಳು ಅನ್ನು.”

ಕೊಟ್ರಯ್ಯನಿಗೆ ಸಮಾಧಾನವಾಗಲಿಲ್ಲ. ಅವನು ಜೋಳಿಗೆಯಿಂದ ನೋಟುಬುಕ್ಕು ತೆಗೆದ. ಸಾವಿನ ಕಾರ್ಡು ಎಂದು ಮೇಲೆ ಬರೆದಿದ್ದ ಹಾಳೆ ಹುಡುಕಿ, ಪೆನ್ನಿನ ಮುಚ್ಚಳ ತೆಗೆದು ಕೂತ.

“ಹಾಗಾದರೆ ಈ ಕಾರ್ಡು ಬಂದವರಿಗೆ ನಾನು ಏನು ಹೇಳಬೇಕು, ಅಜ್ಜಯ್ಯಾ?”

ಅಜ್ಜಯ್ಯನವರು ಮೊರ ಕೊಡವಿ ಎದ್ದರು.

“ಬೆಳಿಗ್ಗೆ ಬಂದಿದ್ದಳಲ್ಲ, ಆ ತಾಯಿಯ ಊರು ಯಾವುದು?”

ಕೊಟ್ರಯ್ಯ ಅದನ್ನು ಕೇಳಿರಲೇ ಇಲ್ಲ.